ಹಳೇ ಬೆಂಜ್ ಕಾರಿನ ರಬ್ಬರು

ಒಂದು ಹೊಸ ಪುಟ್ಟ ಹ್ಯಾಚ್‌ಬ್ಯಾಕ್‌ಗೆ ಕೊಡುವ ದುಡ್ಡಿನಲ್ಲಿ ಇವತ್ತು ಬೆಂಗಳೂರಿನಲ್ಲಿ 2008ರ ಮರ್ಸಿಡಿಸ್ ಇ-ಕ್ಲಾಸ್ ಸಿಗುತ್ತದೆ. ಮೂರು ಲೀಟರಿನ ವಿ6 ಡೀಸೆಲ್, ಏಳು ಗೇರಿನ ಆಟೊಮ್ಯಾಟಿಕ್, ನೂರರ ವೇಗದಲ್ಲೂ ಮೆಲುದನಿಯಲ್ಲಿ ಮಾತಾಡಬಹುದಾದ ಕ್ಯಾಬಿನ್. ಮಾರುವವರು ಮೊದಲು ತೋರಿಸುವುದು ಮೀಟರು: "ಬರೀ ಎಪ್ಪತ್ತು ಸಾವಿರ ಓಡಿದೆ ಸಾರ್, ಡಾಕ್ಟರ್ ಕಾರು." ಕೊಳ್ಳುವವರೂ ಅದನ್ನೇ ನೋಡಿ ತಲೆದೂಗುತ್ತಾರೆ. ಹದಿನೈದು ವರ್ಷ ದಾಟಿದ ಕಾರಿನ ಬಗ್ಗೆ ಆ ಅಂಕಿ ಹೇಳುವುದು ಬಹಳ ಕಡಿಮೆ.

ಈ ಕಾರುಗಳ ಲೋಹದ ಭಾಗಗಳು ಗಟ್ಟಿ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗುತ್ತಿದ್ದರೆ ಕ್ರ್ಯಾಂಕ್, ಪಿಸ್ಟನ್, ಗೇರು, ಡಿಫರೆನ್ಷಿಯಲ್ ಮೂರು ಲಕ್ಷ ಕಿಲೋಮೀಟರಿಗೂ ಅಲುಗುವುದಿಲ್ಲ. ಅವುಗಳ ನಡುವೆ ಇರುವ ರಬ್ಬರ್ ಸೀಲು, ಬುಷ್ಷು, ಹೋಸ್ ಪೈಪು, ಪ್ಲಾಸ್ಟಿಕ್ ಟ್ಯಾಂಕು, ವೈರಿನ ಮೇಲಿನ ಹೊದಿಕೆ, ಇವೆಲ್ಲ ಕಾರು ಓಡಿದರೂ ಓಡದಿದ್ದರೂ ಮುಪ್ಪಾಗುತ್ತವೆ. ಎಂಜಿನ್ನಿನ ಬಿಸಿ, ಗಾಳಿಯ ಆಕ್ಸಿಜನ್ ಮತ್ತು ಓಝೋನ್ ಸೇರಿ ರಬ್ಬರನ್ನು ಗಡುಸಾಗಿಸುತ್ತವೆ. ಗಡುಸಾದ ಸೀಲು ಒಮ್ಮೆ ಒತ್ತಿಹೋದ ಆಕಾರದಲ್ಲೇ ನಿಂತುಬಿಡುತ್ತದೆ, ಮತ್ತೆ ಉಬ್ಬಿ ಸಂದು ತುಂಬುವುದಿಲ್ಲ. ಹಳೆಯ ಐಷಾರಾಮಿ ಕಾರಿನ ದೊಡ್ಡ ಬಿಲ್ಲುಗಳನ್ನು ಬಿಡಿಸಿ ನೋಡಿದರೆ ಹೆಚ್ಚಿನವುಗಳ ಮೂಲ ಇಂಥ ಯಾವುದೋ ಒಂದು ಅಗ್ಗದ ರಬ್ಬರೇ ಆಗಿರುತ್ತದೆ. ಹಾಗಾಗಿ 70 ಸಾವಿರ ಓಡಿ ಏನೂ ಬದಲಾಯಿಸದ ಕಾರಿಗಿಂತ, 1.6 ಲಕ್ಷ ಓಡಿ ರಬ್ಬರೆಲ್ಲ ಹೊಸದಾಗಿರುವ, ಬಿಲ್ಲುಗಳ ಫೈಲ್ ಜೊತೆಗಿರುವ ಕಾರನ್ನೇ ಕೊಳ್ಳಿ ಎನ್ನುತ್ತೇನೆ. ಹೆಚ್ಚು ದುಡ್ಡು ಕೇಳಿದರೂ ಸರಿಯೆ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು 211 ಸರಣಿಯ ಇ-ಕ್ಲಾಸ್ (2002–2009) ಮತ್ತು ಅದರ ನಂತರ ಬಂದ 212. ಭಾರತದಲ್ಲಿ ಇವು ಪುಣೆಯಲ್ಲಿ ಜೋಡಣೆಯಾದವು. 2009ರಿಂದ ಚಾಕಣದ ಕಾರ್ಖಾನೆಯಲ್ಲಿ. ಅದರಲ್ಲೂ ಇ 280 ಸಿಡಿಐ ಮತ್ತು ಇ 350 ಸಿಡಿಐಗಳಲ್ಲಿರುವ ಒಎಂ642 ಎಂಬ ವಿ6 ಡೀಸೆಲ್ ಎಂಜಿನ್. 2005ರಲ್ಲಿ ಬಂದದ್ದು, 2987 ಸಿಸಿ, ಅಲ್ಯೂಮಿನಿಯಂ ಬ್ಲಾಕ್. ಇ 280ರಲ್ಲಿ 190 ಅಶ್ವಶಕ್ತಿ, 440 ನ್ಯೂಟನ್ ಮೀಟರ್ ಟಾರ್ಕ್. ಚಾರ್ಮಾಡಿಯ ಏರಿನಲ್ಲಿ ಎಸಿ ಹಾಕಿ, ಐದು ಜನ ಕೂತು, ಡಿಕ್ಕಿ ತುಂಬಿದ್ದರೂ ಏದುಸಿರು ಬಿಡದ ಎಂಜಿನ್ನು. ಬಹಳ ಒಳ್ಳೆಯ ಎಂಜಿನ್ನು ಎಂದು ಧೈರ್ಯವಾಗಿ ಹೇಳಬಹುದು. ಅದರ ದೊಡ್ಡ ಕಾಯಿಲೆಯೂ ರಬ್ಬರಿನದ್ದೇ.

ವಿ ಆಕಾರದಲ್ಲಿ ಮೂರು ಮೂರು ಸಿಲಿಂಡರು ಎರಡು ಕಡೆ ನಿಂತಿವೆಯಲ್ಲ, ಆ ಕಣಿವೆಯ ತಳದಲ್ಲಿ ಆಯಿಲ್ ಕೂಲರ್ ಕೂತಿದೆ. ಅದರ ಮೇಲೆ ಇನ್‌ಟೇಕ್ ಮ್ಯಾನಿಫೋಲ್ಡ್, ಹಿಂದಕ್ಕೆ ಟರ್ಬೊ. ಇಡೀ ಎಂಜಿನ್ನಿನಲ್ಲಿ ಅತಿ ಹೆಚ್ಚು ಬಿಸಿ ನಿಲ್ಲುವ, ಗಾಳಿಯಾಡದ ಜಾಗ ಅದು. ಕೂಲರ್ ಮತ್ತು ಬ್ಲಾಕ್ ನಡುವೆ ಮೊದಲು ಹಾಕಿದ್ದು ಕಿತ್ತಳೆ ಬಣ್ಣದ ಸಿಲಿಕೋನ್ ಸೀಲು. ಅದು ವರ್ಷಗಟ್ಟಲೆ ಬೆಂದು ಚಪ್ಪಟೆಯಾಗಿ ಆಯಿಲ್ ಜಿನುಗತೊಡಗುತ್ತದೆ. ಜಿನುಗಿದ ಆಯಿಲ್ ಮೇಲಿನಿಂದ ನೋಡಿದರೆ ಕಾಣಿಸುವುದಿಲ್ಲ. ಕಣಿವೆಯಲ್ಲಿ ತುಂಬಿಕೊಂಡು, ಹಿಂಭಾಗದಿಂದ ಇಳಿದು, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗ್ ಹತ್ತಿರ ತೊಟ್ಟಿಕ್ಕುತ್ತದೆ. ಕಾರನ್ನು ಲಿಫ್ಟಿಗೆ ಏರಿಸಿದ ಮೆಕ್ಯಾನಿಕ್ ಅದನ್ನು ಕಂಡು ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎನ್ನುತ್ತಾನೆ. ಇಳಿಸಿ, ಸೀಲ್ ಹಾಕಿ, ಏರಿಸಿ, ದುಡ್ಡು ಕೊಟ್ಟು ಮನೆಗೆ ತಂದರೆ ತಿಂಗಳೊಳಗೆ ಅದೇ ಜಾಗದಲ್ಲಿ ಅದೇ ಆಯಿಲ್.

ಹಾಗಾಗಬಾರದು ಎಂದರೆ ಮೊದಲು ಆ ಜಾಗವನ್ನೆಲ್ಲ ಡಿಗ್ರೀಸರ್ ಹಾಕಿ ಒರೆಸಿ, ಆಯಿಲಿಗೆ ಯುವಿ ಡೈ (ಯುವಿ ದೀಪದಲ್ಲಿ ಹೊಳೆಯುವ ಬಣ್ಣ) ಬೆರೆಸಿ, ಐವತ್ತು ನೂರು ಕಿಲೋಮೀಟರ್ ಓಡಿಸಿ, ಮೇಲಿನಿಂದ ಟರ್ಬೊ ಹಿಂದಿನ ಸಂದಿಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಬೇಕು. ಕಣಿವೆಯೊಳಗೆ ಹೊಳೆದರೆ ಕೂಲರ್ ಸೀಲು. ಕಣಿವೆ ಒಣಗಿದ್ದು ಬೆಲ್ ಹೌಸಿಂಗ್ ಒಳಗಷ್ಟೇ ಹೊಳೆದರೆ ಕ್ರ್ಯಾಂಕ್ ಸೀಲು. ಕೂಲರ್ ಸೀಲೇ ಎಂದಾದರೆ ಹಾಕಬೇಕಾದ್ದು ನೇರಳೆ ಬಣ್ಣದ, ಬಿಸಿ ತಡೆಯುವ ವೈಟಾನ್ ರಬ್ಬರಿನ ಸೀಲು. ಕಂಪನಿಯೇ ನಂತರ ಹೀಗೆ ಬದಲಿಸಿತು. ಗ್ಯಾರೇಜಿನವರು ಹೊಸ ಸೀಲಿನ ಪ್ಯಾಕೆಟ್ ಬಿಚ್ಚುವಾಗ ಬಣ್ಣ ನೋಡಿ. ಕಿತ್ತಳೆ ಬಣ್ಣದ ಹಳೆ ಸ್ಟಾಕ್ ತಂದಿದ್ದರೆ ವಾಪಸ್ ಕಳಿಸಿ. ಸೀಲಿನ ಬೆಲೆ ಇಡೀ ಕೆಲಸದಲ್ಲಿ ಲೆಕ್ಕಕ್ಕೇ ಇಲ್ಲ. ಏರ್ ಪೈಪು, ಟರ್ಬೊ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ಪೈಪು, ಎರಡೂ ಕಡೆಯ ಮ್ಯಾನಿಫೋಲ್ಡು ಬಿಚ್ಚಿ ಮತ್ತೆ ಕೂರಿಸುವ ಮಜೂರಿಯೇ ಬಿಲ್ಲು. ಗೊತ್ತಿರುವ ಕೈಗೂ ಎರಡು ಮೂರು ದಿನದ ಕೆಲಸ.

ಅಷ್ಟು ಬಿಚ್ಚಿದ ಮೇಲೆ ಸೀಲು ಮಾತ್ರ ಹಾಕಿ ಮುಚ್ಚುವುದು ದಂಡ. ಟರ್ಬೊ ಬಾಯಿಗೆ ಗಾಳಿ ಕೊಡುವ ಪೈಪಿನ ಸೀಲು, ಎಂಜಿನ್ನಿನೊಳಗಿನ ಆವಿ ಹೊರಬಿಡುವ ಕ್ರ್ಯಾಂಕ್‌ಕೇಸ್ ಬ್ರೀದರ್, ಕೈಗೆ ಸಿಗುವ ವ್ಯಾಕ್ಯೂಮ್ ಪೈಪುಗಳು ಒಟ್ಟಿಗೇ ಹೋಗಲಿ. ತಣ್ಣಗಿರುವ ಡೀಸೆಲ್ ಎಂಜಿನ್ ಸ್ಟಾರ್ಟ್ ಆಗಲು ಸಿಲಿಂಡರನ್ನು ಬಿಸಿ ಮಾಡುವ ಗ್ಲೋ ಪ್ಲಗ್‌ಗಳನ್ನೂ ಆಗಲೇ ನೋಡಬೇಕು. ನಮ್ಮ ಊರಿನ ಚಳಿಗೆ ಒಂದೆರಡು ಗ್ಲೋ ಪ್ಲಗ್ ಸತ್ತಿದ್ದರೂ ಎಂಜಿನ್ ಸ್ಟಾರ್ಟ್ ಆಗುವುದರಿಂದ ಅವು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಹೆಡ್ಡಿನಲ್ಲಿ ಕಚ್ಚಿಕೊಂಡಿರುತ್ತವೆ. ಹಿಂದಿನ ದಿನವೇ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು, ಎಂಜಿನ್ ಬಿಸಿಯಿರುವಾಗ, ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ತಿರುಗಿಸುತ್ತ ತೆಗೆಯಬೇಕು. ಒಂದೇ ಪಟ್ಟಿಗೆ ತಿರುಪಿ ಮುರಿದರೆ ಹೆಡ್ಡಿಗೇ ಡ್ರಿಲ್ಲು.

ಆ ಟರ್ಬೊ ಬಾಯಿಯ ಸೀಲಿಗೆ ಇನ್ನೊಂದು ಕಥೆಯಿದೆ. ಬ್ರೀದರಿನಿಂದ ಬರುವ ಆಯಿಲ್ ಆವಿ ಅಲ್ಲಿ ತೊಟ್ಟಿಕ್ಕಿ ನೇರ ಕೆಳಗೆ ಬೀಳುವುದು ಒಂದು ಪುಟ್ಟ ಎಲೆಕ್ಟ್ರಿಕ್ ಮೋಟಾರಿನ ಮೇಲೆ. ಇನ್‌ಟೇಕ್‌ನೊಳಗೆ ಗಾಳಿಯನ್ನು ಸುಳಿಯಾಗಿಸುವ ಸ್ವರ್ಲ್ ಫ್ಲ್ಯಾಪ್‌ಗಳನ್ನು ತಿರುಗಿಸುವ ಮೋಟಾರು ಅದು, ವೈರಿಂಗ್ ನಕ್ಷೆಯಲ್ಲಿ ಎಂ55. ಆಯಿಲ್ ಕುಡಿದ ಮೋಟಾರು ಸಾಯುತ್ತದೆ, ಚೆಕ್ ಎಂಜಿನ್ ಲೈಟ್ ಬರುತ್ತದೆ, ಕಾರು ಲಿಂಪ್ ಮೋಡಿಗೆ (ತನ್ನ ರಕ್ಷಣೆಗೆ ಶಕ್ತಿ ತಗ್ಗಿಸಿಕೊಳ್ಳುವ ಸ್ಥಿತಿಗೆ) ಹೋಗಿ ಪಿಕಪ್ ಬಿಟ್ಟುಬಿಡುತ್ತದೆ. ಅದನ್ನು ಬದಲಿಸಲು ಮತ್ತೆ ಅದೇ ಬಿಚ್ಚುವ ಕೆಲಸವಾದ್ದರಿಂದ ಹಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ: ಮೋಟಾರಿನ ಪ್ಲಗ್ ಕಿತ್ತು, ಅಲ್ಲಿಗೆ 4.7 ಕಿಲೋಓಮ್ ರೆಸಿಸ್ಟರ್ ಒಂದನ್ನು ಸಿಕ್ಕಿಸಿ, ಮೋಟಾರು ಸರಿಯಾಗಿದೆ ಎಂದು ಎಂಜಿನ್ ಕಂಪ್ಯೂಟರನ್ನು ನಂಬಿಸುವುದು. ಲೈಟ್ ಹೋಗುತ್ತದೆ, ಫ್ಲ್ಯಾಪು ಅಲ್ಲಾಡುವುದಿಲ್ಲ, ಮೇಲಿನ ಲೀಕು ಮುಂದುವರಿಯುತ್ತದೆ. ಕೊಳ್ಳುವ ಮೊದಲು ಇಂಥ ರೆಸಿಸ್ಟರ್ ಇದೆಯೇ ಎಂದು ನೇರವಾಗಿ ಕೇಳಿ. ಇದ್ದರೆ ಮೇಲಿನ ಇಡೀ ಕೆಲಸದ ಖರ್ಚನ್ನು ಬೆಲೆಯಿಂದ ಇಳಿಸಿ ಮಾತಾಡಿ.

ರಬ್ಬರ್ ಸೋತಲ್ಲಿ ವೈರಿಂಗ್ ಕೂಡ ಸೋಲುತ್ತದೆ ಎಂಬುದಕ್ಕೆ ಎರಡು ಜಾಗಗಳನ್ನು ಹತ್ತಿರದಿಂದ ನೋಡಬಹುದು. ಇ 200 ಕಾಂಪ್ರೆಸರ್ ಪೆಟ್ರೋಲ್ ಕಾರಿನ ಎಂ271 ಎಂಜಿನ್ನಿನ ಮುಂಭಾಗದಲ್ಲಿ ಕ್ಯಾಮ್‌ಶಾಫ್ಟ್ ಹೊಂದಿಸುವ ಎರಡು ಮ್ಯಾಗ್ನೆಟ್‌ಗಳಿವೆ. ಅವುಗಳೊಳಗಿನ ಸೀಲು ಸೋತಾಗ ಆಯಿಲ್ ಹೊರಗೆ ಚೆಲ್ಲುವುದಕ್ಕಿಂತ ಹೆಚ್ಚಾಗಿ ಕನೆಕ್ಟರಿನೊಳಗೆ ಹೋಗುತ್ತದೆ. ಅಲ್ಲಿಂದ ವೈರಿನ ತಾಮ್ರದ ಎಳೆಗಳ ಸಂದಿನಲ್ಲಿ, ಹೊದಿಕೆಯ ಒಳಗೇ, ಎಣ್ಣೆ ಬತ್ತಿ ಹತ್ತುವ ಹಾಗೆ ಹತ್ತುತ್ತಾ ಹೋಗಿ ಕೊನೆಗೆ ಎಂಜಿನ್ ಕಂಪ್ಯೂಟರಿನ ಪ್ಲಗ್ಗಿಗೇ ಮುಟ್ಟುತ್ತದೆ. ಹೊರಗಿನಿಂದ ಹಾರ್ನೆಸ್ (ವೈರುಗಳ ಕಟ್ಟು) ಪೂರ್ತಿ ಒಣಗಿ ಕಾಣುತ್ತದೆ. ಪರೀಕ್ಷೆ ಸುಲಭ: ಎಂಜಿನ್ ಆಫ್ ಮಾಡಿ, ಮ್ಯಾಗ್ನೆಟ್ಟಿನ ಕನೆಕ್ಟರ್ ಬಿಚ್ಚಿ, ಪಿನ್ನುಗಳ ಮೇಲೆ ಬಿಳಿ ಟಿಶ್ಯೂ ಒತ್ತಿ. ಕಂದು ಕಲೆ ಬಂದರೆ ಮ್ಯಾಗ್ನೆಟ್ ಬದಲಿಸಬೇಕು, ಜೊತೆಗೆ ನಡುವೆ ಸೇರಿಸುವ ಗೇಣುದ್ದದ ತುಂಡು ಕೇಬಲ್ ಹಾಕಬೇಕು. ಮುಂದೆ ಸೀಲು ಸೋತರೂ ಆಯಿಲ್ ಆ ತುಂಡಿನಲ್ಲೇ ನಿಲ್ಲುತ್ತದೆ, ದೊಡ್ಡ ಹಾರ್ನೆಸ್ ಉಳಿಯುತ್ತದೆ.

ಇದೇ ರೋಗ ಹಳೆಯ ಐದು ಗೇರಿನ 722.6 ಗೇರ್‌ಬಾಕ್ಸಿನಲ್ಲೂ ಇದೆ. ಗೇರ್‌ಬಾಕ್ಸಿನ ಬದಿಯಲ್ಲಿ 13 ಪಿನ್ನಿನ ಪ್ಲಾಸ್ಟಿಕ್ ಕನೆಕ್ಟರ್, ಅದಕ್ಕೆ ಎರಡು ರಬ್ಬರ್ ಓ-ರಿಂಗು. ಅವು ಗಡುಸಾದರೆ ಗೇರ್ ಆಯಿಲ್ ವೈರಿನೊಳಗೆ ಹತ್ತಿ ಗೇರ್‌ಬಾಕ್ಸ್ ಕಂಪ್ಯೂಟರಿಗೆ ಸೇರುತ್ತದೆ. ಗೇರು ಎರಡರಲ್ಲೇ ನಿಂತುಬಿಟ್ಟ ಕಾರನ್ನು "ಗೇರ್‌ಬಾಕ್ಸ್ ಹೋಗಿದೆ" ಎಂದು ಅಗ್ಗಕ್ಕೆ ಮಾರುವುದುಂಟು. ಅಂಥ ಕಾರುಗಳಲ್ಲಿ ಕೆಲವು ಈ ಕನೆಕ್ಟರ್ ಮತ್ತು ಒಳಗಿನ ಕಂಡಕ್ಟರ್ ಪ್ಲೇಟ್ (ಸೆನ್ಸರು, ವೈರಿಂಗ್ ಇರುವ ಪ್ಲೇಟು) ಬದಲಿಸಿದರೆ ಎದ್ದು ನಿಲ್ಲುತ್ತವೆ. ಹಾಗೆಂದು ಸ್ಕ್ಯಾನ್ ಮಾಡಿಸದೆ ಆ ನಂಬಿಕೆಯ ಮೇಲೆ ಕೊಳ್ಳಬೇಡಿ.

ಇ 280 ಮತ್ತು ಇ 350ಗಳಲ್ಲಿರುವುದು ಏಳು ಗೇರಿನ 722.9. ಇದರ ಆಯಿಲ್ ಬದಲಿಸುವ ವಿಷಯದಲ್ಲಿ ನಮ್ಮಲ್ಲಿ ಆಗುವಷ್ಟು ಅನ್ಯಾಯ ಬೇರೆಲ್ಲೂ ಆಗುವುದಿಲ್ಲ. ಮೊದಲನೆಯದು, ಆಯಿಲಿನ ಜಾತಿ. ಮೊದಲಿನ 722.9ಕ್ಕೆ ಮರ್ಸಿಡಿಸ್‌ನ 236.14 ಅನುಮೋದನೆಯ ಕೆಂಪು ಆಯಿಲು. ಇದೇ ಗೇರ್‌ಬಾಕ್ಸಿನ ನಂತರದ ರೂಪವಾದ 7ಜಿ-ಟ್ರಾನಿಕ್ ಪ್ಲಸ್‌ಗೆ 236.15ರ ನೀಲಿ ಆಯಿಲು. ಒಂದರ ಜಾಗಕ್ಕೆ ಇನ್ನೊಂದು ಹಾಕುವಂತಿಲ್ಲ, ಬೆರೆಸುವಂತೆಯೂ ಇಲ್ಲ. ನಿಮ್ಮ ಕಾರಿನದು ಯಾವುದು ಎಂದು ಚಾಸಿಸ್ ನಂಬರಿನಿಂದ ಖಚಿತ ಮಾಡಿಕೊಳ್ಳಿ. ಎರಡನೆಯದು, ಅಳತೆ. ಡಿಪ್‌ಸ್ಟಿಕ್ ಇಲ್ಲ. ಆಯಿಲ್ ಪ್ಯಾನಿನ ಡ್ರೈನ್ ಪ್ಲಗ್ಗಿನೊಳಗೆ ಪ್ಲಾಸ್ಟಿಕ್ಕಿನ ಓವರ್‌ಫ್ಲೋ ಕೊಳವೆಯಿದೆ. ಪ್ಲಗ್ ಬಿಚ್ಚಿದ ಮಾತ್ರಕ್ಕೆ ಆಯಿಲ್ ಪೂರ್ತಿ ಇಳಿಯುವುದಿಲ್ಲ, ಆ ಕೊಳವೆಯನ್ನು ಒಳಕ್ಕೆ ತಟ್ಟಿ ಬೀಳಿಸಿದ ಮೇಲೆಯೇ ಇಳಿಯುವುದು. ಫಿಲ್ಟರು, ಪ್ಯಾನ್ ಗ್ಯಾಸ್ಕೆಟ್, ಹೊಸ ಕೊಳವೆ ಹಾಕಿ ಸುಮಾರು ಐದು ಲೀಟರ್ ತುಂಬಬೇಕಾಗುತ್ತದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಟಾರ್ಕ್ ಕನ್ವರ್ಟರಿನಲ್ಲಿ ಉಳಿದ ಹಳೆ ಆಯಿಲ್ ಈ ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಕಾರು ಲಿಫ್ಟಿನ ಮೇಲೆ ಸಮತಟ್ಟಾಗಿ ನಿಂತು, ಎಂಜಿನ್ ಓಡುತ್ತಿದ್ದು, ಲಿವರ್ ಪಿ ಯಲ್ಲಿದ್ದು, ಸ್ಕ್ಯಾನರಿನಲ್ಲಿ ಗೇರ್ ಆಯಿಲಿನ ಉಷ್ಣತೆ 45 ಡಿಗ್ರಿ ತೋರಿಸುವಾಗ ಕೊಳವೆಯಿಂದ ಸಣ್ಣಗೆ ತೊಟ್ಟಿಕ್ಕುತ್ತಿರಬೇಕು. ಅದೇ ಸರಿಯಾದ ಮಟ್ಟ. ಸ್ಕ್ಯಾನರ್ ಹಿಡಿಯದೆ "ಇಳಿದಷ್ಟೇ ತುಂಬಿದ್ದೀವಿ ಸಾರ್" ಎನ್ನುವ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ, ಏಕೆಂದರೆ ಹಿಂದಿನವರು ಎಷ್ಟು ಕಡಿಮೆ ಹಾಕಿದ್ದರೋ ಅಷ್ಟೇ ಕಡಿಮೆ ಮತ್ತೆ ಸೇರುತ್ತದೆ. 60 ಸಾವಿರ ಕಿಲೋಮೀಟರಿಗೊಮ್ಮೆ ಇದು ಆಗಲೇಬೇಕು. "ಲೈಫ್‌ಟೈಮ್ ಆಯಿಲ್" ಎಂಬ ಮಾತು ಮೊದಲ ಮಾಲೀಕನ ಕಾಲಕ್ಕೆ ಮುಗಿಯಿತು.

2003ರ ಸುಮಾರಿನ ಕಾರಾಗಿದ್ದರೆ ರೇಡಿಯೇಟರ್ ಯಾವ ಕಂಪನಿಯದು ನೋಡಿ. ಆ ಕಾಲದ ಕೆಲವು ರೇಡಿಯೇಟರುಗಳ ಒಳಗಿದ್ದ ಗೇರ್ ಆಯಿಲ್ ಕೂಲರಿನ ಜೋಡಣೆ ಸೀಳಿ, ಕೂಲೆಂಟಿನ ಗ್ಲೈಕಾಲ್ ಗೇರ್‌ಬಾಕ್ಸಿಗೆ ಬೆರೆಯುತ್ತಿತ್ತು. 60–80 ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ ಗಡಗಡ ನಡುಕ ಬಂದರೆ ಅದು ಅದರ ಗುರುತಾಗಿರಬಹುದು. ಗ್ಲೈಕಾಲ್ ಕ್ಲಚ್ ಪ್ಲೇಟುಗಳ ಮೇಲಿನ ಕಾಗದದಂಥ ಪದರವನ್ನು ತಿಂದುಹಾಕುತ್ತದೆ. ಅಂಥ ಕಾರನ್ನು ಬಿಟ್ಟು ಬನ್ನಿ.

ಕೂಲೆಂಟಿನ ಬಗ್ಗೆ ಇನ್ನೊಂದು ಮಾತು. ಕಂಪನಿಯ ಸರ್ವಿಸ್ ಪಟ್ಟಿಯಲ್ಲಿ ಕೂಲೆಂಟ್ ಬದಲಿಸುವ ಅವಧಿ 15 ವರ್ಷ ಅಥವಾ 2.5 ಲಕ್ಷ ಕಿಲೋಮೀಟರ್ ಎಂದಿತ್ತು. ಆ 15 ವರ್ಷ ಈಗ 211ಗಳಿಗೆಲ್ಲ ಮುಗಿದಿದೆ. ನಡುವೆ ಯಾರೋ ಕಡಿಮೆಯಾದಾಗ ಬೋರ್‌ವೆಲ್ ನೀರು ಸುರಿದಿದ್ದರೆ ಅದರ ಸುಣ್ಣ ರೇಡಿಯೇಟರಿನಲ್ಲಿ ಕೂತಿರುತ್ತದೆ. ಪೂರ್ತಿ ಬಸಿದು, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, 325.0 ಅನುಮೋದನೆಯ ನೀಲಿ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ತುಂಬಿಸಿ. ಎಕ್ಸ್‌ಪ್ಯಾನ್ಷನ್ ಟ್ಯಾಂಕು ಹಳದಿಗಟ್ಟಿದ್ದರೆ, ಹೋಸುಗಳ ತುದಿ ಉಬ್ಬಿದ್ದರೆ ಅವೂ ಅದೇ ದಿನ ಬದಲಾಗಲಿ.

ಇನ್ನು ಕಾರಿನ ಅಡಿಯ ರಬ್ಬರು. ಎಂಜಿನ್ ಮೌಂಟುಗಳು ಒಳಗೆ ದ್ರವ ತುಂಬಿದ ರಬ್ಬರು. ಸೋರಿ ಕುಸಿದರೆ ಡಿ ಗೇರಿನಲ್ಲಿ ಬ್ರೇಕ್ ಒತ್ತಿ ನಿಂತಾಗ, ಎಸಿ ಓಡುತ್ತಿರುವಾಗ, ಸೀಟು ಮತ್ತು ಸ್ಟಿಯರಿಂಗ್ ನಡುಗುತ್ತವೆ. ಎನ್ ಗೆ ಹಾಕಿದರೆ ನಡುಕ ಕಡಿಮೆಯಾದರೆ ಬಹುತೇಕ ಮೌಂಟೇ. ಎರಡೂ ಎಂಜಿನ್ ಮೌಂಟು ಮತ್ತು ಗೇರ್‌ಬಾಕ್ಸ್ ಮೌಂಟು ಒಟ್ಟಿಗೆ ಬದಲಿಸಿ. ಒಂದನ್ನೇ ಹಾಕಿದರೆ ಹೊಸದರ ಮೇಲೆ ಭಾರ ಓರೆಯಾಗಿ ಬಿದ್ದು ಅದೂ ಬೇಗ ಹೋಗುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯಲ್ಲಿ ದಪ್ಪ ರಬ್ಬರ್ ಡಿಸ್ಕುಗಳಿವೆ. ಬೋಲ್ಟಿನ ಸುತ್ತ ಬಿರುಕಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಹೊರಡುವಾಗ, ನಿಲ್ಲಿಸುವಾಗ ಹೊಟ್ಟೆಯಡಿಯಲ್ಲಿ "ಟಕ್" ಎಂದರೆ ಅವು ಅಥವಾ ನಡುವಿನ ಬೇರಿಂಗು. ಮುಂದಿನ ಸಸ್ಪೆನ್ಷನ್ ಆರ್ಮುಗಳ ಬುಷ್ಷು ನಮ್ಮ ಹಂಪುಗಳಿಗೆ ಬೇಗ ಹರಿಯುತ್ತವೆ. 80ರಿಂದ ಬ್ರೇಕ್ ಹಾಕಿದಾಗ ಸ್ಟಿಯರಿಂಗ್ ಅದುರಿದರೆ ಡಿಸ್ಕನ್ನು ದೂರುವ ಮೊದಲು ಬುಷ್ಷು ನೋಡಿ. ಏರ್ ಸಸ್ಪೆನ್ಷನ್ ಇರುವ ಕಾರಾದರೆ ಸಂಜೆ ನಿಲ್ಲಿಸಿದಾಗ ನಾಲ್ಕೂ ಚಕ್ರದ ಮೇಲಿನ ಅಂಚಿನ ಎತ್ತರ ಅಳೆದು, ಬೆಳಿಗ್ಗೆ ಮತ್ತೆ ಅಳೆಯಿರಿ. ಒಂದು ಮೂಲೆ ಕುಸಿದಿದ್ದರೆ ಅಲ್ಲಿಯ ಏರ್ ಬ್ಯಾಗ್ ಸೋರುತ್ತಿದೆ. ಸೋರುವ ಬ್ಯಾಗನ್ನು ಬಿಟ್ಟಷ್ಟು ದಿನ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ.

ಕರ್ನಾಟಕದ ಮಟ್ಟಿಗೆ ನೀರಿನ ವಿಷಯ ಬಿಡಿಸಿ ಹೇಳಲೇಬೇಕು. ವೈಪರ್ ಕೆಳಗಿನ ಗ್ರಿಲ್ಲಿನೊಳಗೆ ಬಿದ್ದ ಮಳೆನೀರು ಎರಡು ಬದಿಯ ರಬ್ಬರ್ ಮೂತಿಯ ಮೂಲಕ ಕೆಳಗೆ ಹೋಗಬೇಕು. ಗುಲ್‌ಮೊಹರ್ ಮರದಡಿ ನಿಲ್ಲುವ ಕಾರಿನಲ್ಲಿ ಅದರ ಪುಟಾಣಿ ಎಲೆಗಳು ಆ ಗ್ರಿಲ್ಲಿನ ಕಂಡಿಗಳಲ್ಲಿ ಸರಾಗವಾಗಿ ಇಳಿದು, ಕೊಳೆತು, ಕೆಸರಾಗಿ ಮೂತಿಯನ್ನು ಮುಚ್ಚುತ್ತವೆ. ಸನ್‌ರೂಫಿನ ನಾಲ್ಕು ಮೂಲೆಯಲ್ಲೂ ಸಣ್ಣ ಡ್ರೈನ್ ಪೈಪುಗಳಿವೆ. ಅವೂ ಹಾಗೆಯೇ ಕಟ್ಟಿಕೊಳ್ಳುತ್ತವೆ. ನೀರು ಕಾರ್ಪೆಟ್ ಕೆಳಗೆ ಸೇರುತ್ತದೆ. ಕಾರ್ಪೆಟ್ಟಿನ ಅಡಿಯಲ್ಲಿ ಎರಡು ಅಂಗುಲದ ಫೋಮು, ಅದರ ಕೆಳಗೆ ವೈರಿಂಗ್ ಜೋಡಣೆಗಳು. ಮೇಲೆ ಮುಟ್ಟಿದರೆ ಒಣಗಿರುತ್ತದೆ, ಫೋಮು ತಿಂಗಳಾದರೂ ಹಸಿಯಾಗಿರುತ್ತದೆ. ಕೊಳ್ಳುವ ಮೊದಲು ನಾಲ್ಕೂ ಕಡೆ ಕಾರ್ಪೆಟ್ಟಿನ ಅಂಚು ಎತ್ತಿ ಫೋಮಿಗೆ ಕೈ ಒತ್ತಿ ನೋಡಿ. ಕೊಂಡ ಮೇಲೆ ಮುಂಗಾರಿಗೆ ಮುಂಚೆ ಸನ್‌ರೂಫ್ ಮೂಲೆಗೆ ಒಂದು ಲೋಟ ನೀರು ನಿಧಾನವಾಗಿ ಬಿಟ್ಟು, ಕಾರಿನಡಿ ಇಳಿಯುತ್ತದೆಯೇ ನೋಡಿ. ಇಳಿಯದಿದ್ದರೆ ನೈಲಾನ್ ದಾರದಿಂದ ಬಿಡಿಸಬೇಕು. ಕಂಪ್ರೆಸರ್ ಗಾಳಿ ಹೊಡೆದರೆ ಒಳಗಿನ ಪೈಪು ಜೋಡಣೆಯಲ್ಲಿ ಕಳಚಿಕೊಳ್ಳುತ್ತದೆ, ಆಗ ಲೀಕು ಇನ್ನೂ ಹೆಚ್ಚು.

2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ದುಬಾರಿ ಕಾರುಗಳು ನೀರಿನಲ್ಲಿ ನಿಂತವು. ಮುಳುಗಿದ ಕಾರನ್ನು ಎಷ್ಟು ತೊಳೆದರೂ ಗುರುತು ಉಳಿಯುತ್ತದೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ, ಕೊನೆಯ ಒಂದು ಮೊಳದಲ್ಲಿ ಕೆಸರಿನ ಗೆರೆ ಇರುತ್ತದೆ. ಸೀಟಿನ ಕೆಳಗಿನ ಹಳಿ ಮತ್ತು ಬೋಲ್ಟಿನ ತಲೆ ತುಕ್ಕು ಹಿಡಿದಿರುತ್ತದೆ. ಸ್ಟೆಪ್ನಿ ಕೂರುವ ಗುಂಡಿಯ ಅಂಚಿನಲ್ಲಿ ನುಣ್ಣನೆಯ ಮಣ್ಣು ಸಿಗುತ್ತದೆ. ಮಂಗಳೂರು, ಉಡುಪಿ ಕಡೆಯ ಕಾರಿನಲ್ಲಿ ಉಪ್ಪುಗಾಳಿಗೆ ಸಬ್‌ಫ್ರೇಮು ಮತ್ತು ಬ್ರೇಕ್ ಪೈಪುಗಳ ತುಕ್ಕು ನೋಡಬೇಕು.

ಪರೀಕ್ಷೆಗೆ ಹೋಗುವಾಗ ಒಂದು ಷರತ್ತು ಮುಂಚೆಯೇ ಹೇಳಿ: ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಬಾನೆಟ್ ಮುಟ್ಟಿ ತಣ್ಣಗಿದೆಯೇ ನೋಡಿಯೇ ಸ್ಟಾರ್ಟ್ ಮಾಡಿಸಿ. ಚೈನಿನ ಸದ್ದು, ಹೊಗೆ, ಇಂಜೆಕ್ಟರ್ ಬುಡದಲ್ಲಿ ಗಾಳಿ ಸೋರುವ ಚಕ್ ಚಕ್ ಸದ್ದು ತಣ್ಣಗಿದ್ದಾಗಲೇ ಕೇಳುವುದು. ಇಂಜೆಕ್ಟರಿನ ಸುತ್ತ ಕಪ್ಪಗೆ ಗಟ್ಟಿ ಮಸಿ ಕಟ್ಟಿದ್ದರೆ ಕೆಳಗಿನ ತಾಮ್ರದ ವಾಷರ್ ಸೋತಿದೆ. ಟೈರಿನ ಬದಿಯಲ್ಲಿ ಡಾಟ್ ಎಂಬುದರ ಕೊನೆಗಿರುವ ನಾಲ್ಕಂಕಿ ಓದಿ: 2317 ಎಂದರೆ 2017ರ 23ನೇ ವಾರ. ಹೋಸು, ಪ್ಲಾಸ್ಟಿಕ್ ಭಾಗಗಳ ಮೇಲೂ ಗಡಿಯಾರದ ಮುಖದಂಥ ಸಣ್ಣ ಮುದ್ರೆಯಲ್ಲಿ ತಯಾರಾದ ವರ್ಷ ಇರುತ್ತದೆ. ಎಲ್ಲದರ ಮೇಲೂ 2007, 2008 ಎಂದೇ ಇದ್ದರೆ ಏನೂ ಬದಲಾಗಿಲ್ಲ ಎಂದರ್ಥ, ಮಾರುವವರು ಏನೇ ಹೇಳಲಿ. ಕೊನೆಗೆ ಎಕ್ಸೆಂಟ್ರಿ ಅಥವಾ ಸ್ಟಾರ್ ಡಯಾಗ್ನೋಸಿಸ್ (ಮರ್ಸಿಡಿಸ್‌ನದೇ ಸ್ಕ್ಯಾನರುಗಳು) ಇರುವ ಕಡೆ ಎಲ್ಲ ಕಂಟ್ರೋಲ್ ಯೂನಿಟ್ಟುಗಳನ್ನೂ ಸ್ಕ್ಯಾನ್ ಮಾಡಿಸಿ. ಮೀಟರಿನ ಕಿಲೋಮೀಟರನ್ನು ತಿದ್ದಿದ್ದರೂ ಇಗ್ನಿಷನ್ ಸ್ವಿಚ್ಚಿನ ಯೂನಿಟ್ಟಿನಲ್ಲಿ, ಹಳೆಯ ಫಾಲ್ಟುಗಳ ದಾಖಲೆಯಲ್ಲಿ ಬೇರೆ ಅಂಕಿ ಉಳಿದಿರಬಹುದು. ಸ್ಕ್ಯಾನಿಗೆ ಒಪ್ಪದ ಮಾರಾಟಗಾರನ ಕಾರು ಬೇಡ.

2006ರ ಮಧ್ಯಕ್ಕೆ ಮೊದಲಿನ 211ಕ್ಕೆ ಎಸ್‌ಬಿಸಿ ಎಂಬ ಎಲೆಕ್ಟ್ರಾನಿಕ್ ಬ್ರೇಕ್ ವ್ಯವಸ್ಥೆ ಇದೆ. 2004 ಮತ್ತು 2005ರಲ್ಲಿ ಕಂಪನಿ ಇದಕ್ಕಾಗಿ ಕಾರುಗಳನ್ನು ಜಗತ್ತಿನಾದ್ಯಂತ ವಾಪಸ್ ಕರೆಸಿತ್ತು. 2006ರ ಮಧ್ಯದ ಫೇಸ್‌ಲಿಫ್ಟಿನಲ್ಲಿ, ಅಂದರೆ ಅದೇ ಸರಣಿಯನ್ನು ತಿದ್ದಿ ತಂದ ಕಾರಿನಲ್ಲಿ, ತೆಗೆದೇ ಹಾಕಿತು. ನನ್ನ ಸಲಹೆ ಫೇಸ್‌ಲಿಫ್ಟ್ ನಂತರದ ಕಾರೇ. ಹಳೆಯದನ್ನೇ ಕೊಂಡರೆ ಬ್ರೇಕ್ ಪ್ಯಾಡ್ ಬದಲಿಸುವ ಯಾರಿಗೇ ಆಗಲಿ ಮೊದಲು ಸ್ಕ್ಯಾನರಿನಿಂದ ಎಸ್‌ಬಿಸಿ ನಿಷ್ಕ್ರಿಯ ಮಾಡಲು ಹೇಳಿ. ಬಾಗಿಲು ತೆರೆದರೆ ಸಾಕು, ಸಿಸ್ಟಂ ತಾನಾಗಿಯೇ ಎದ್ದು ಪೂರ್ತಿ ಒತ್ತಡದಲ್ಲಿ ಬ್ರೇಕ್ ಹಿಡಿಯಬಹುದು. ಕ್ಯಾಲಿಪರಿನೊಳಗೆ ಬೆರಳಿದ್ದರೆ ಬೆರಳು ಜಜ್ಜಿಹೋಗುತ್ತದೆ.

ದೆಹಲಿ ಕಾರುಗಳು ಇಲ್ಲಿಗೆ ಬರುವ ಕಾರಣ ಗೊತ್ತೇ ಇದೆ: 10 ವರ್ಷ ದಾಟಿದ ಡೀಸೆಲ್ ಕಾರಿಗೆ ಅಲ್ಲಿ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೆಲೆ ಕುಸಿಯಿತು. ಆದರೆ ಆ ಅಗ್ಗದ ಬೆಲೆಗೆ ಇಲ್ಲಿನ ಜೀವಿತಾವಧಿ ತೆರಿಗೆ ಸೇರಿಸಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ತೆರಿಗೆ ದರ 18 ಪರ್ಸೆಂಟು, ಮೇಲೆ ಸೆಸ್ಸು. ಹೊರರಾಜ್ಯದ ಹಳೆ ಕಾರಿಗೆ ವಯಸ್ಸಿಗೆ ತಕ್ಕಷ್ಟು ಇಳಿಸಿದರೂ ಲೆಕ್ಕ ಶುರುವಾಗುವುದು ಕಾರಿನ ಹೊಸ ಬೆಲೆಯಿಂದ, ನೀವು ಕೊಟ್ಟ ಬೆಲೆಯಿಂದಲ್ಲ. ಫಾರ್ಮ್ 28ರ ಎನ್‌ಒಸಿ (ಮೂಲ ಆರ್‌ಟಿಒದ ಒಪ್ಪಿಗೆ), ಮಾಲೀಕರ ಹೆಸರು ಬದಲಿಸುವ ಫಾರ್ಮ್ 29 ಮತ್ತು 30, ಸಾಲವಿದ್ದರೆ ಬ್ಯಾಂಕಿನ ಪತ್ರದ ಜೊತೆ ಫಾರ್ಮ್ 35, ಬಾಕಿ ಚಲನ್‌ಗಳ ಸ್ಥಿತಿ, ಇಷ್ಟನ್ನೂ ಪೂರ್ತಿ ಹಣ ಕೊಡುವ ಮೊದಲು ಕೈಯಲ್ಲಿ ಹಿಡಿಯಿರಿ. ದೆಹಲಿಯ ಬೇಸಿಗೆ ರಬ್ಬರಿಗೆ ಬೆಂಗಳೂರಿಗಿಂತ ಬಹಳ ಕಠಿಣ ಎಂಬುದನ್ನೂ ಬೆಲೆಯಲ್ಲಿ ಹಿಡಿಯಿರಿ.

15 ವರ್ಷ ತುಂಬಿದ ಕಾರಿಗೆ ಫಾರ್ಮ್ 25ರಲ್ಲಿ ಅರ್ಜಿ ಹಾಕಿ, ಆರ್‌ಟಿಒದಲ್ಲಿ ಕಾರು ತೋರಿಸಿ ಆರ್‌ಸಿ ನವೀಕರಿಸಬೇಕು, ಒಮ್ಮೆಗೆ ಐದು ವರ್ಷಕ್ಕೆ. 2022ರ ಏಪ್ರಿಲಿನಿಂದ ಇದರ ಶುಲ್ಕ 5,000 ರೂಪಾಯಿ. 20 ವರ್ಷ ದಾಟಿದ್ದಕ್ಕೆ 2025ರಿಂದ 10,000. ಹಸಿರು ತೆರಿಗೆ ಬೇರೆ. ಪುಣೆಯಲ್ಲಿ ಜೋಡಿಸಿದ ಕಾರಿಗೆ ಈ ದರ, ಪೂರ್ತಿ ಆಮದಾದ ಕಾರಿಗೆ ಹಲವು ಪಟ್ಟು ಹೆಚ್ಚು. ಆರ್‌ಸಿಯಲ್ಲಿ ಏನೆಂದು ಬರೆದಿದೆ ನೋಡಿಕೊಳ್ಳಿ.

ವಿಮೆಯವರೂ ರಬ್ಬರನ್ನು ಲೋಹದಿಂದ ಬೇರೆಯಾಗಿಯೇ ಎಣಿಸುತ್ತಾರೆ. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ರಬ್ಬರು, ನೈಲಾನು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿಗೆ ಕಾರಿನ ವಯಸ್ಸು ಎಷ್ಟೇ ಇರಲಿ ಶೇಕಡ 50 ಸವಕಳಿ ಕಳೆದೇ ಕೊಡುವುದು. ಲೋಹದ ಭಾಗಕ್ಕೆ ಹತ್ತು ವರ್ಷ ದಾಟಿದ ಮೇಲೆ ಅದೇ 50. ಸವಕಳಿ ಕಳೆಯದ ಝೀರೊ ಡೆಪ್ ವಿಮೆ ಇಷ್ಟು ಹಳೆಯ ಕಾರಿಗೆ ಸಿಗುವುದು ಕಷ್ಟ. ಮುಂದಿನ ಬಂಪರ್ ಮತ್ತು ಹೆಡ್‌ಲೈಟ್ ಒಡೆದರೆ ಅರ್ಧ ನಿಮ್ಮ ಜೇಬಿನಿಂದ ಎಂದು ಮೊದಲೇ ತಿಳಿದಿರಿ.

ಭಾಗಗಳನ್ನು ಕೊಳ್ಳುವಾಗ ಮರ್ಸಿಡಿಸ್ ನಕ್ಷತ್ರದ ಪೆಟ್ಟಿಗೆಯೇ ಬೇಕೆಂದಿಲ್ಲ. ಸಸ್ಪೆನ್ಷನ್ ಆರ್ಮಿಗೆ ಲೆಮ್‌ಫೋರ್ಡರ್, ಮೌಂಟಿಗೆ ಕಾರ್ಟೆಕೊ, ಶಾಫ್ಟಿನ ಡಿಸ್ಕಿಗೆ ಎಸ್‌ಜಿಎಫ್, ಫಿಲ್ಟರಿಗೆ ಮಾನ್ ಅಥವಾ ಹೆಂಗ್ಸ್ಟ್, ಗ್ಯಾಸ್ಕೆಟ್ಟಿಗೆ ಎಲ್‌ರಿಂಗ್. ಲೆಮ್‌ಫೋರ್ಡರ್ ಆರ್ಮಿನ ಮೇಲೆ ನಕ್ಷತ್ರದ ಗುರುತನ್ನು ಉಜ್ಜಿ ತೆಗೆದಿರುವುದು ಎಷ್ಟೋ ಸಲ ಕಾಣುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಚಾಸಿಸ್ ನಂಬರ್ ಮತ್ತು ಪಾರ್ಟ್ ನಂಬರ್ ಬರೆದುಕೊಂಡು ಹೋಗಿ, "211ರ ಮೌಂಟ್ ಕೊಡಿ" ಎಂದರೆ ಕೈಗೆ ಯಾವುದೋ ಬರುತ್ತದೆ. ಶಿವಾಜಿನಗರದ ಗುಜರಿಯಲ್ಲಾಗಲಿ ಚೆನ್ನೈನ ಪುದುಪೇಟೆಯಲ್ಲಾಗಲಿ ಡೋರು, ಬಾನೆಟ್ಟು, ಅಲಾಯ್ ವೀಲು, ಗಾಜು ಧಾರಾಳವಾಗಿ ಕೊಳ್ಳಬಹುದು. ರಬ್ಬರಿರುವ ಯಾವುದನ್ನೂ ಅಲ್ಲಿಂದ ತರಬೇಡಿ, ಅದರ ವಯಸ್ಸು ನಿಮ್ಮದರಷ್ಟೇ. 722.9ರ ಎಲೆಕ್ಟ್ರಾನಿಕ್ ಪ್ಲೇಟು, ಇಗ್ನಿಷನ್ ಯೂನಿಟ್ಟುಗಳು ಹಳೆ ಕಾರಿನ ಚಾಸಿಸ್ ನಂಬರಿಗೆ ಕಟ್ಟುಬಿದ್ದಿರುತ್ತವೆ, ಸುಮ್ಮನೆ ಸಿಕ್ಕಿಸಿದರೆ ಕೆಲಸ ಮಾಡುವುದಿಲ್ಲ.

ಪೆಟ್ರೋಲ್ ಕಾರನ್ನು ನೋಡುತ್ತಿರುವವರು ಇ20 ಇಂಧನವನ್ನು ಯೋಚಿಸಬೇಕು. ಈ ಕಾಲದ ಕಾರುಗಳ ಫ್ಯುಯೆಲ್ ಹೋಸು, ಪಂಪಿನ ಸೀಲು 20 ಪರ್ಸೆಂಟ್ ಎಥನಾಲಿಗೆಂದು ಮಾಡಿದವಲ್ಲ. ಹೋಸುಗಳನ್ನು ವರ್ಷಕ್ಕೊಮ್ಮೆ ಬೆರಳಿಂದ ಒತ್ತಿ ನೋಡಿ, ಮೆದುವಾಗಿ ಉಬ್ಬಿದ್ದರೆ ಎಥನಾಲ್ ತಡೆಯುವ ಹೋಸು ಹಾಕಿಸಿ. ಬೆಂಜ್ ಬಿಟ್ಟು ಬಿಎಂಡಬ್ಲ್ಯು 320ಡಿ, 520ಡಿ ಕಡೆ ನೋಡುವವರಿಗೆ ಒಂದೇ ಮಾತು: ಅವುಗಳ ಎನ್47 ಎಂಜಿನ್ನಿನ ಟೈಮಿಂಗ್ ಚೈನು ಗೇರ್‌ಬಾಕ್ಸ್ ಕಡೆ, ಅಂದರೆ ಹಿಂದಕ್ಕಿದೆ. ಬದಲಿಸಲು ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಲೇಬೇಕು. ಚೈನು ಬದಲಾದ ಬಿಲ್ಲು ಇದ್ದರೆ ಆ ಕಾರಿಗೆ ಬೆಲೆ ಹೆಚ್ಚು ಕೊಡಬಹುದು.

ದುಡ್ಡಿನ ಲೆಕ್ಕ ಹೀಗಿಟ್ಟುಕೊಳ್ಳಿ. ಕಾರಿಗೆ ಕೊಡುವ ಬೆಲೆಯ ಮೂರರಲ್ಲಿ ಒಂದು ಭಾಗ ಮೊದಲ ವರ್ಷದ ರಬ್ಬರಿಗೆಂದು ಬೇರೆ ತೆಗೆದಿಡಿ. ಅಷ್ಟಿಲ್ಲದಿದ್ದರೆ ಇನ್ನೂ ಕಡಿಮೆ ಬೆಲೆಯ ಕಾರು ನೋಡಿ. ಮೊದಲ ತಿಂಗಳು ಎಲ್ಲ ದ್ರವಗಳು: 229.51 ಅನುಮೋದನೆಯ ಎಂಜಿನ್ ಆಯಿಲು ಎಂಟರಿಂದ ಎಂಟೂವರೆ ಲೀಟರು ಮತ್ತು ಫಿಲ್ಟರು, ಗೇರ್ ಆಯಿಲು, ಕೂಲೆಂಟು, ಬ್ರೇಕ್ ಆಯಿಲು. ಎರಡನೆಯದಾಗಿ ಬ್ಯಾಟರಿ. 211ರ ಬ್ಯಾಟರಿ ಡಿಕ್ಕಿಯಲ್ಲಿದೆ; ರಾತ್ರಿಯಿಡೀ ನಿಂತ ಮೇಲೆ 12.5 ವೋಲ್ಟಿಗಿಂತ ಕಡಿಮೆಯಿದ್ದರೆ ಬದಲಿಸಿ. ಮೀಟರಿನಲ್ಲಿ "ಕನ್ವೀನಿಯೆನ್ಸ್ ಫಂಕ್ಷನ್ಸ್" ಸಿಗುತ್ತಿಲ್ಲ ಎಂಬ ಸಂದೇಶ, ಸಂಬಂಧವಿಲ್ಲದ ಹತ್ತಾರು ಫಾಲ್ಟುಗಳು ಸೋತ ಬ್ಯಾಟರಿಯಿಂದಲೇ ಬರುತ್ತವೆ. ಅದನ್ನು ಬಿಟ್ಟು ಕಂಟ್ರೋಲ್ ಯೂನಿಟ್ ಬದಲಿಸಲು ಹೊರಟರೆ ಲಕ್ಷ ಖರ್ಚಾಗುತ್ತದೆ. ಆಮೇಲೆ ಟೈರು, ಮೌಂಟು, ಬುಷ್ಷು. ಆಯಿಲ್ ಕೂಲರ್ ಸೀಲು ಜಿನುಗುತ್ತಿದ್ದರೆ ಮಟ್ಟ ನೋಡುತ್ತಾ ಕೆಲವು ತಿಂಗಳು ಓಡಿಸಬಹುದು. ಕೂಲೆಂಟ್ ಲೀಕಿದ್ದರೆ ಒಂದು ದಿನವೂ ಓಡಿಸಬೇಡಿ. ಮುಂದಕ್ಕೆ ಎಂಜಿನ್ ಆಯಿಲ್ 10 ಸಾವಿರ ಕಿಲೋಮೀಟರಿಗೆ ಅಥವಾ ವರ್ಷಕ್ಕೆ, ಬ್ರೇಕ್ ಆಯಿಲ್ ಎರಡು ವರ್ಷಕ್ಕೆ.

ಮತ್ತು ಕಾರನ್ನು ಓಡಿಸಿ. ಕವರ್ ಹಾಕಿ ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಸೀಲುಗಳಿಗೆ ಆಯಿಲ್ ತಾಗುವುದೇ ಇಲ್ಲ, ಒಣಗಿ ಸೀಳುತ್ತವೆ. ವಾರಕ್ಕೊಮ್ಮೆ ನಲವತ್ತು ನಿಮಿಷ, ಗೇರ್ ಆಯಿಲ್ ಚೆನ್ನಾಗಿ ಬಿಸಿಯಾಗುವ ತನಕ, ಟ್ರಾಫಿಕ್ ಕಡಿಮೆಯಿರುವ ರಸ್ತೆಯಲ್ಲಿ. ಡಿಸೆಂಬರಿನ ಚಳಿಯಲ್ಲೂ ಅದರಲ್ಲಿ ಹತ್ತು ನಿಮಿಷ ಎಸಿ ಹಾಕಿರಬೇಕು: ಕಂಪ್ರೆಸರಿನ ಶಾಫ್ಟ್ ಸೀಲಿಗೆ ಆಯಿಲ್ ಮುಟ್ಟುವುದು ಗ್ಯಾಸ್ ಓಡಾಡಿದಾಗ ಮಾತ್ರ.